ಹಳೆಯ ಗಾಡಿಯ ಕಾರ್ಬುರೇಟರ್: ಯಾವ ಬಿಡಿಭಾಗ ಹಾಕಬೇಕು, ಯಾವ ಕ್ರಮದಲ್ಲಿ ಹಾಕಬೇಕು

ಕಾಸರಗೋಡಿನ ಒಳನಾಡಿನಲ್ಲಿ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರಿನಂತಹ ಊರುಗಳ ತೋಟದ ಮನೆಗಳಲ್ಲಿ, ಅಡಿಕೆ ಅಂಗಳದ ಬದಿಯ ಶೆಡ್ಡಿನೊಳಗೆ ಒಂದು ಪ್ರೀಮಿಯರ್ ಪದ್ಮಿನಿಯೋ, ಹಳೆಯ ಮಾರುತಿ 800 ಕಾರೋ, ಪೆಟ್ರೋಲ್ ಜೀಪೋ, ಆರ್‌ಎಕ್ಸ್ 100 ಬೈಕೋ ಇಂದಿಗೂ ಉಳಿದುಕೊಂಡಿರುವುದು ಅಪರೂಪವಲ್ಲ. ಇವೆಲ್ಲ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಇರುವ ಗಾಡಿಗಳು. ಇವುಗಳ ಮಾಲೀಕರು ಹೇಳುವ ದೂರುಗಳೂ ಹೆಚ್ಚುಕಡಿಮೆ ಒಂದೇ ಬಗೆಯವು: ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ, ಚಡಾವು ಹತ್ತುವಾಗ ಮಿಸ್ಸಿಂಗ್ ಬರುತ್ತದೆ (ಮಿಶ್ರಣ ಆಗಾಗ ಉರಿಯದೆ ಎಂಜಿನ್ ತಡವರಿಸುತ್ತದೆ), ಬಿಸಿಯಾದ ಮೇಲೆ ನಿಲ್ಲಿಸಿದರೆ ಅರ್ಧ ಗಂಟೆ ಕಾಯಬೇಕು, ಮೈಲೇಜ್ ಇಳಿದಿದೆ. ಈ ದೂರುಗಳಿಗೆ ಪರಿಹಾರವೆಂದು ಮಾರುಕಟ್ಟೆಯಲ್ಲಿ ಸಿಗುವ ಬಿಡಿಭಾಗಗಳಿಗೆ ಲೆಕ್ಕವಿಲ್ಲ. ದೊಡ್ಡ ಜೆಟ್ (ಪೆಟ್ರೋಲನ್ನು ಅಳೆದು ಬಿಡುವ ತೂತಿರುವ ಹಿತ್ತಾಳೆಯ ತುಣುಕು), ಹೈ ಫ್ಲೋ ಫಿಲ್ಟರ್, ಎಲೆಕ್ಟ್ರಿಕ್ ಪಂಪ್, ಎಲೆಕ್ಟ್ರಾನಿಕ್ ಇಗ್ನಿಷನ್, ಕೊನೆಗೆ ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತದವರೆಗೆ ಎಲ್ಲವೂ ಸಿಗುತ್ತದೆ.

ಇವುಗಳಲ್ಲಿ ಕೆಲವು ನಿಜವಾಗಿಯೂ ಕೆಲಸ ಮಾಡುತ್ತವೆ. ಆದರೆ ಪೆಟ್ರೋಲ್ ಪೂರೈಕೆ, ಗಾಳಿಯ ಸೋರಿಕೆ, ಪ್ಲಗ್ಗಿನ ಕಿಡಿ ಈ ಮೂರೂ ಸರಿಯಿದ್ದಾಗ ಮಾತ್ರ ಮಾಡುತ್ತವೆ. ಇಪ್ಪತ್ತು ವರ್ಷಗಳಿಂದ ನನ್ನ ಪದ್ಮಿನಿಯನ್ನು ನಾನೇ ಬಿಚ್ಚಿ ಜೋಡಿಸುತ್ತ, ನೆರೆಹೊರೆಯವರ ಗಾಡಿಗಳಿಗೂ ಕೈಹಾಕುತ್ತ ಬಂದವನಾಗಿ, ಕೆಲಸವನ್ನು ಯಾವ ಕ್ರಮದಲ್ಲಿ ಮಾಡಿದರೆ ಹಣ ಉಳಿಯುತ್ತದೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಆರಂಭಿಸುವ ಮೊದಲು ಒಂದು ಎಚ್ಚರಿಕೆ ಅಗತ್ಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಅದು ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಮುಟ್ಟಬಲ್ಲದು. ಆದ್ದರಿಂದ ಕಾರ್ಬುರೇಟರ್ ಬಿಚ್ಚುವ ಕೆಲಸವನ್ನು ತೆರೆದ ಅಂಗಳದಲ್ಲಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಪುಡಿ ತುಂಬಿದ ಬೆಂಕಿ ಆರಿಸುವ ಸಿಲಿಂಡರೊಂದನ್ನು ಕೈಗೆಟಕುವಲ್ಲಿ ಇಟ್ಟುಕೊಂಡು ಮಾಡಬೇಕು. ಬಚ್ಚಲಿನ ಒಲೆ ಉರಿಯುತ್ತಿರುವಾಗ ಅದರ ಪಕ್ಕದ ಜಗಲಿಯಲ್ಲಿ ಕುಳಿತು ಈ ಕೆಲಸ ಮಾಡಬಾರದು.

ಹಂತ 1: ಈಗಿನ ಸ್ಥಿತಿಯನ್ನು ಅಳೆಯುವುದು

ಒಂದು ಪುಸ್ತಕ ತೆಗೆದುಕೊಂಡು, ಈಗ ಗಾಡಿಯಲ್ಲಿರುವ ಜೆಟ್ಟುಗಳ ಅಂಕಿ, ಪ್ಲಗ್ಗಿನ ಗ್ಯಾಪ್, ಮಿಶ್ರಣ ಹೊಂದಿಸುವ ಏರ್ ಸ್ಕ್ರೂ ಅಥವಾ ಮಿಕ್ಸ್ಚರ್ ಸ್ಕ್ರೂ ಎಷ್ಟು ಸುತ್ತು ಬಿಚ್ಚಿದೆ ಎಂಬುದು, ಟ್ಯಾಂಕ್ ತುಂಬಿಸಿ ಮತ್ತೆ ತುಂಬಿಸುವ ತನಕದ ಮೈಲೇಜ್, ಇಷ್ಟನ್ನು ಬರೆದಿಡಿ. ಪ್ರತಿದಿನ ಹತ್ತುವ ಒಂದು ಚಡಾವನ್ನು ಆರಿಸಿಕೊಂಡು, ಅದನ್ನು ಯಾವ ಗೇರಿನಲ್ಲಿ, ಯಾವ ವೇಗದಲ್ಲಿ ಹತ್ತುತ್ತದೆ ಎಂಬುದನ್ನೂ ಬರೆದಿಟ್ಟರೆ, ಮುಂದೆ ಮಾಡುವ ಪ್ರತಿಯೊಂದು ಬದಲಾವಣೆಗೂ ಅದೇ ಅಳತೆಗೋಲಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಜೆಟ್ಟನ್ನೂ ಫಿಲ್ಟರನ್ನೂ ಒಟ್ಟಿಗೆ ಬದಲಿಸಿದವರಿಗೆ ಯಾವುದರಿಂದ ಏನಾಯಿತು ಎಂಬುದು ಎಂದೂ ತಿಳಿಯುವುದಿಲ್ಲ.

ನಾನು ಮೊದಲು ಕೊಳ್ಳಲು ಹೇಳುವ ಸಾಧನ ಎಂಜಿನ್ನಿನ ಹೀರುವ ಬಲವನ್ನು ಅಳೆಯುವ ವ್ಯಾಕ್ಯೂಮ್ ಗೇಜ್. ನಾಲ್ಕು ಸಿಲಿಂಡರಿನ ಕಾರಿನಲ್ಲಿ ಇದನ್ನು ಕಾರ್ಬುರೇಟರಿನ ಕೆಳಗಿನ ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಮಿಶ್ರಣವನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆ) ಜೋಡಿಸಿ ನೋಡಿದರೆ, ಸಮುದ್ರಮಟ್ಟಕ್ಕೆ ಹತ್ತಿರವಿರುವ ನಮ್ಮ ಕಡೆ, ಸುಸ್ಥಿತಿಯಲ್ಲಿರುವ ಬಿಸಿ ಎಂಜಿನ್ ಐಡ್ಲಿಂಗಿನಲ್ಲಿ (ಆಕ್ಸಿಲರೇಟರ್ ಒತ್ತದೆ ಓಡುವಾಗ) ಸುಮಾರು 17ರಿಂದ 21 ಇಂಚು ಪಾದರಸದ ಅಳತೆಯಲ್ಲಿ ಮುಳ್ಳನ್ನು ಅಲುಗಾಡಿಸದೆ ನಿಲ್ಲಿಸುತ್ತದೆ. ಮುಳ್ಳು ಸ್ಥಿರವಾಗಿದ್ದೂ ತೀರ ಕೆಳಗಿದ್ದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ, ಹಿಂದಾಗಿರಬಹುದು ಅಥವಾ ಎಲ್ಲೋ ಗಾಳಿ ಸೋರುತ್ತಿರಬಹುದು; ತಾಳ ಹಾಕಿದಂತೆ ಒಂದೇ ಲಯದಲ್ಲಿ ಕೆಳಗೆ ಬಿದ್ದು ಏಳುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಎಂದು ಸಂಶಯಪಡಬೇಕು. ಜೊತೆಗೆ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎಂದು ನೋಡುವ ಕಂಪ್ರೆಷನ್ ಪರೀಕ್ಷೆಯನ್ನೂ ಮಾಡಿಸಿ. ಒಂದು ಸಿಲಿಂಡರಿನ ಕಂಪ್ರೆಷನ್ ಉಳಿದವುಗಳಿಗಿಂತ ಬಹಳ ಕಡಿಮೆಯಿದ್ದರೆ, ಕಾರ್ಬುರೇಟರಿಗೆ ಎಷ್ಟು ಖರ್ಚು ಮಾಡಿದರೂ ಆ ಹಣ ನೀರಿನಲ್ಲಿ ಹೋಮ ಮಾಡಿದಂತೆಯೇ ಸರಿ.

ಹಂತ 2: ಪೆಟ್ರೋಲ್, ಪೈಪ್ ಮತ್ತು ನೀರು

ಹಳೆಯ ಗಾಡಿಗಳ ಮಟ್ಟಿಗೆ ಕಳೆದ ಕೆಲವು ವರ್ಷಗಳಲ್ಲಿ ಆದ ದೊಡ್ಡ ಬದಲಾವಣೆ ಪೆಟ್ರೋಲಿನಲ್ಲೇ ಇದೆ. ದೇಶದಲ್ಲಿ ಪೆಟ್ರೋಲಿಗೆ ಬೆರೆಸುವ ಎಥೆನಾಲಿನ ಪ್ರಮಾಣ 2022ರಲ್ಲಿ ಶೇಕಡಾ 10ಕ್ಕೆ ತಲುಪಿತು. ಶೇಕಡಾ 20ರ ಗುರಿಯನ್ನು 2030ರಿಂದ 2025ಕ್ಕೆ ಹಿಂದಕ್ಕೆ ತಂದದ್ದರಿಂದ, ಈಗ ಬಂಕಿನಲ್ಲಿ ನಮಗೆ ಸಾಮಾನ್ಯವಾಗಿ ಸಿಗುವುದು ಇ20, ಅಂದರೆ ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್. 1980 ಮತ್ತು 90ರ ದಶಕಗಳಲ್ಲಿ ತಯಾರಾದ ಗಾಡಿಗಳ ರಬ್ಬರ್ ಪೈಪ್, ಡಯಾಫ್ರಾಮ್ (ಪಂಪಿನ ರಬ್ಬರ್ ಪೊರೆ), ಓ ರಿಂಗ್ ಯಾವುದನ್ನೂ ಈ ಬೆರಕೆಯನ್ನು ಮನಸ್ಸಿನಲ್ಲಿಟ್ಟು ಮಾಡಿರಲಿಲ್ಲ. ಅವು ಊದಿಕೊಳ್ಳುತ್ತವೆ, ಮೆತ್ತಗಾಗಿ ಕರಗಿದ ಕಪ್ಪು ಚೂರುಗಳನ್ನು ಜೆಟ್ಟಿಗೆ ಕಳುಹಿಸುತ್ತವೆ, ಇಲ್ಲವೇ ಗಟ್ಟಿಯಾಗಿ ಬಿರುಕು ಬಿಡುತ್ತವೆ.

ಆದ್ದರಿಂದ ಹಣ ಹಾಕಬೇಕಾದ ಮೊದಲ ಬಿಡಿಭಾಗ ಪೆಟ್ರೋಲ್ ಪೈಪ್. ಒಳಪದರದಲ್ಲಿ ವೈಟಾನ್ ಬಗೆಯ ಫ್ಲೋರೋ ರಬ್ಬರ್ ಇರುವ, ಮೈಮೇಲೆ ಎಸ್‌ಎಇ 30ಆರ್9 ಎಂಬ ಗುರುತಿರುವ ಪೈಪನ್ನು ಕೇಳಿ ಪಡೆಯಿರಿ. ಬೆಲೆ ಸಾಮಾನ್ಯ ಪೈಪಿಗಿಂತ ಹಲವು ಪಟ್ಟು ಹೆಚ್ಚಾದರೂ ಒಂದು ಕಾರಿಗೆ ಬೇಕಾಗುವುದು ಕೆಲವೇ ಅಡಿ. ಟ್ಯಾಂಕಿನ ಹತ್ತಿರ ಕಣ್ಣಿಗೆ ಬೀಳದ ಒಂದು ತುಂಡು ಪೈಪ್ ಇರುತ್ತದೆ; ಅದನ್ನು ಮರೆಯುವವರೇ ಹೆಚ್ಚು. ಪೈಪಿನ ಜೊತೆಯಲ್ಲೇ ಕಾರ್ಬುರೇಟರಿನ ಫ್ಲೋಟ್ ನೀಡಲನ್ನೂ (ಫ್ಲೋಟ್ ಬೌಲ್ ಎಂಬ ಬಟ್ಟಲಿಗೆ ಪೆಟ್ರೋಲ್ ಬರುವ ದಾರಿಯನ್ನು ತೆರೆದು ಮುಚ್ಚುವ ಸೂಜಿ) ವೈಟಾನ್ ತುದಿಯದ್ದಕ್ಕೆ ಬದಲಿಸಿ, ಪಂಪಿನ ಡಯಾಫ್ರಾಮ್ ಕಿಟ್ ಎಥೆನಾಲ್ ತಾಳುವಂಥದ್ದೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಫಿಲ್ಟರಿನ ವಿಷಯದಲ್ಲಿ ಬೈಕಿಗೂ ಕಾರಿಗೂ ವ್ಯತ್ಯಾಸವಿದೆ. ಬೈಕು ಮತ್ತು ಸ್ಕೂಟರುಗಳಲ್ಲಿ ಪೆಟ್ರೋಲ್ ತನ್ನ ಭಾರದಿಂದಲೇ ಇಳಿದು ಬರುವುದರಿಂದ, ಕಾರಿನ ಪಂಪಿಗೆಂದು ಮಾಡಿದ ಕಾಗದದ ಫಿಲ್ಟರನ್ನು ನಡುವೆ ಹಾಕಿದರೆ ಹರಿವು ಕುಗ್ಗಿ ಪೂರ್ತಿ ಥ್ರಾಟಲ್ (ಆಕ್ಸಿಲರೇಟರ್) ಕೊಟ್ಟಾಗ ಎಂಜಿನ್ನಿಗೆ ಪೆಟ್ರೋಲ್ ಸಾಲದಾಗುತ್ತದೆ. ಅಲ್ಲಿಗೆ ಸಣ್ಣ ಜಾಲರಿಯ ಫಿಲ್ಟರ್ ಸಾಕು. ಪಂಪ್ ಇರುವ ಕಾರಿಗೆ ಕಾಗದದ ಇನ್‌ಲೈನ್ ಫಿಲ್ಟರ್ ಸರಿ.

ನಮ್ಮ ನಾಡಿನಲ್ಲಿ ಇದಕ್ಕಿಂತ ಮುಖ್ಯವಾದದ್ದು ನೀರು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದೆ ಸುರಿಯುವ ಮಳೆಯಲ್ಲಿ, ಅರ್ಧ ಖಾಲಿಯಿರುವ ಟ್ಯಾಂಕಿನೊಳಗಿನ ಗಾಳಿಯೇ ಒದ್ದೆಯಾಗಿರುತ್ತದೆ. ಶುದ್ಧ ಪೆಟ್ರೋಲಿನ ಕಾಲದಲ್ಲಿ ನೀರು ಬೇರೆಯಾಗಿ ತಳದಲ್ಲಿ ಕೂರುತ್ತಿತ್ತು. ಎಥೆನಾಲ್ ಮೊದಲು ಆ ನೀರನ್ನು ಹೀರಿಕೊಂಡು ಪೆಟ್ರೋಲಿನೊಂದಿಗೆ ಬೆರೆಸಿಡುತ್ತದೆ. ಹಿಡಿಯುವ ಶಕ್ತಿ ಮೀರಿದಾಗ ಎಥೆನಾಲೂ ನೀರೂ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಪೆಟ್ರೋಲ್ ಹೀರುವ ಪೈಪ್ ಇರುವುದೂ ಆ ತಳದಲ್ಲೇ. ಒಂದು ಮಳೆಗಾಲದಲ್ಲಿ ಮೂರು ವಾರ ನಿಲ್ಲಿಸಿದ್ದ ನೆರೆಮನೆಯ ಸ್ಕೂಟರಿನಿಂದ ಪೆಟ್ರೋಲನ್ನು ಗಾಜಿನ ಉಪ್ಪಿನಕಾಯಿ ಬಾಟಲಿಗೆ ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದಿದ್ದೆ. ಮೇಲೆ ತಿಳಿ ಪೆಟ್ರೋಲ್, ಕೆಳಗೆ ಬೆರಳಗಲದ ಮಬ್ಬು ದ್ರವ, ನಡುವೆ ಗೆರೆ ಎಳೆದಂತೆ ಸ್ಪಷ್ಟವಾದ ಗಡಿ. ಬಾಟಲಿಯನ್ನು ಓರೆ ಮಾಡಿದರೆ ಕೆಳಗಿನ ಪದರ ಎಣ್ಣೆಯಂತೆ ನಿಧಾನವಾಗಿ ಜಾರುತ್ತಿತ್ತು. ಅದೇ ಗಾಡಿಯ ಫ್ಲೋಟ್ ಬೌಲಿನ ಸತುವಿನ ಗೋಡೆಯಲ್ಲಿ ಸುಣ್ಣದಂತಹ ಬಿಳಿ ಪುಡಿ ಕಟ್ಟಿತ್ತು, ಹಿತ್ತಾಳೆಯ ಜೆಟ್ಟಿನ ಅಂಚಿಗೆ ಹಸಿರು ಕಿಲುಬು ಹಿಡಿದಿತ್ತು. ಅಂಥ ಗಾಡಿಗೆ ಯಾವ ಹೊಸ ಬಿಡಿಭಾಗ ಹಾಕಿದರೂ ಪ್ರಯೋಜನವಾಗುತ್ತಿರಲಿಲ್ಲ.

ಆದ್ದರಿಂದ ಗಾಜಿನ ಬಟ್ಟಲಿರುವ, ಕೆಳಗಿನಿಂದ ನೀರು ಬಿಡಲು ಬರುವ ಸೆಡಿಮೆಂಟ್ ಫಿಲ್ಟರ್ ನಮ್ಮ ಕಡೆಯ ಕಾರು ಮತ್ತು ಜೀಪುಗಳಿಗೆ ಅತ್ಯಂತ ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅದರ ಕಡೆ ಕಣ್ಣು ಹಾಯಿಸಿದರೆ ಸಾಕು.

ಹಂತ 3: ಕಾರ್ಬುರೇಟರನ್ನು ಮೂಲ ಸ್ಥಿತಿಗೆ ತರುವುದು

ರಿಪೇರಿ ಕಿಟ್ ಹಾಕುವ ಮೊದಲು ದೇಹವನ್ನು ಪೂರ್ತಿ ಬಿಚ್ಚಿ ಕ್ಲೀನರಿನಲ್ಲಿ ತೊಳೆದು, ಪ್ರತಿಯೊಂದು ದಾರಿಗೂ ಗಾಳಿ ಹೊಡೆದು, ಇನ್ನೊಂದು ತುದಿಯಲ್ಲಿ ಗಾಳಿ ಹೊರಬರುತ್ತದೆಯೇ ಎಂದು ಬೆರಳಿಟ್ಟು ನೋಡಬೇಕು. ಹತ್ತಿರದ ಪೇಟೆಯಲ್ಲಿ ಅಲ್ಟ್ರಾಸಾನಿಕ್ ಕ್ಲೀನಿಂಗ್ ಸೌಲಭ್ಯವಿದ್ದರೆ ಅದಕ್ಕೆ ಕೊಡುವ ಹಣ ಸಾರ್ಥಕ. ಜೆಟ್ಟಿನೊಳಗೆ ತಂತಿಯನ್ನೋ ಗುಂಡುಸೂಜಿಯನ್ನೋ ತೂರಿಸಬೇಡಿ; ಹಿತ್ತಾಳೆ ಮೆದು ಲೋಹವಾದ್ದರಿಂದ ತೂತು ದೊಡ್ಡದಾದರೆ ಆ ಜೆಟ್ಟಿನ ಅಂಕಿಗೆ ಅರ್ಥವಿರುವುದಿಲ್ಲ.

ಬೌಲಿನಲ್ಲಿ ತೇಲುತ್ತ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಹಿತ್ತಾಳೆಯದ್ದಾದರೆ ಕಿವಿಯ ಹತ್ತಿರ ಅಲುಗಾಡಿಸಿ. ಒಳಗೆ ಪೆಟ್ರೋಲ್ ಕುಲುಕುವ ಸದ್ದು ಬಂದರೆ ಅದು ತೂತಾಗಿದೆ. ಸಂಶಯವಿದ್ದರೆ ಬೆಂಕಿಯಿಂದ ದೂರದಲ್ಲಿ, ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿದಾಗ ಗುಳ್ಳೆ ಏಳುವ ಜಾಗವೇ ತೂತಿನ ಜಾಗ. ಬೆಸುಗೆ ಹಾಕಿ ಸರಿಪಡಿಸಬಹುದಾದರೂ ಬೆಸುಗೆಯ ಭಾರದಿಂದ ಪೆಟ್ರೋಲ್ ಮಟ್ಟ ಏರುವುದರಿಂದ, ಹೊಸದು ಸಿಕ್ಕಿದರೆ ಹೊಸದನ್ನೇ ಹಾಕುವುದು ಒಳ್ಳೆಯದು. ಫ್ಲೋಟಿನ ಎತ್ತರವನ್ನು ಆ ಕಾರ್ಬುರೇಟರಿನ ಸರ್ವಿಸ್ ಪುಸ್ತಕದಲ್ಲಿರುವ ಅಳತೆಗೆ ಸರಿಯಾಗಿ ಹೊಂದಿಸಿ. ಓವರ್‌ಫ್ಲೋ ದೂರುಗಳಲ್ಲಿ ಬಹುಪಾಲು ಇಲ್ಲಿಗೇ ಮುಗಿಯುತ್ತವೆ.

ಇನ್ನುಳಿದದ್ದು ಗಾಳಿಯ ಸೋರಿಕೆ. ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಥ್ರಾಟಲ್ ಶಾಫ್ಟ್ ದಶಕಗಳ ಕಾಲ ತಿರುಗಿ ತನ್ನ ತೂತನ್ನು ಅಗಲ ಮಾಡಿಕೊಂಡಿರುತ್ತದೆ. ಕೈಯಲ್ಲಿ ಹಿಡಿದು ಅಲುಗಿಸಿದರೆ ಕಟಕಟ ಎನ್ನುತ್ತದೆ. ಆ ಸಂದಿನಿಂದ ಒಳಹೋಗುವ ಗಾಳಿಗೆ ತಕ್ಕ ಪೆಟ್ರೋಲ್ ಇರುವುದಿಲ್ಲ, ಆದ್ದರಿಂದ ಐಡ್ಲಿಂಗ್ ಎಷ್ಟು ತಿರುಗಿಸಿದರೂ ನಿಲ್ಲುವುದಿಲ್ಲ. ಲೇತ್ ಕೆಲಸ ಬಲ್ಲವರಲ್ಲಿ ಹಿತ್ತಾಳೆಯ ಬುಷ್ (ಒಳಬಳೆ) ಕೂರಿಸಿಕೊಳ್ಳಬೇಕು. ನನ್ನ ಅನುಭವದಲ್ಲಿ ಇದು ಸೋಲೆಕ್ಸ್ ಕಂಪನಿಯ ಹಳೆಯ ಕಾರ್ಬುರೇಟರುಗಳಿಗೆ ಮಾಡಬಹುದಾದ ಅತ್ಯುತ್ತಮ ಸುಧಾರಣೆ, ಆದರೆ ಬಿಡಿಭಾಗದ ಅಂಗಡಿಯಲ್ಲಿ ಇದು ಪೊಟ್ಟಣದಲ್ಲಿ ಸಿಗುವುದಿಲ್ಲವಾದ್ದರಿಂದ ಯಾರೂ ಸೂಚಿಸುವುದೂ ಇಲ್ಲ. ಬೈಕುಗಳಲ್ಲಿ ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಮ್ಯಾನಿಫೋಲ್ಡನ್ನು ಬಾಗಿಸಿ ಬಿರುಕು ಹುಡುಕಿ.

ಹಂತ 4: ಕಿಡಿ

ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಎಬ್ಬಿಸುವ ಸ್ವಿಚ್ಚು) ಇರುವ ಗಾಡಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವುದು ಕಾರ್ಬುರೇಟರಿನ ಕೆಲಸವಲ್ಲ ಎನ್ನಿಸಬಹುದು. ಆದರೆ ಪಾಯಿಂಟ್ ಸವೆದಂತೆ ಟೈಮಿಂಗ್ ಜಾರುತ್ತದೆ, ಕಿಡಿ ತೆಳುವಾಗುತ್ತದೆ, ಅದನ್ನು ಮುಚ್ಚಲು ಮೆಕ್ಯಾನಿಕ್ ಪೆಟ್ರೋಲ್ ಹೆಚ್ಚಿಸುತ್ತಾನೆ, ಕಾರ್ಬುರೇಟರಿನ ಹೆಸರು ಕೆಡುತ್ತದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೇ ಕೂರುವ, ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಸೆನ್ಸರ್ ಕಿಟ್ ಹಾಕಿದರೆ ಸವೆಯುವ ಭಾಗವೇ ಇಲ್ಲದಂತಾಗುತ್ತದೆ. ಕೊಳ್ಳುವ ಮೊದಲು ನಿಮ್ಮ ಗಾಡಿ ನೆಗೆಟಿವ್ ಅರ್ಥಿನದೇ (ಬ್ಯಾಟರಿಯ ನೆಗೆಟಿವ್ ತುದಿ ಬಾಡಿಗೆ ಸೇರಿದೆಯೇ), ಇಗ್ನಿಷನ್ ಕಾಯಿಲಿಗೆ ಬ್ಯಾಲಸ್ಟ್ ರೆಸಿಸ್ಟರ್ (ಕರೆಂಟು ತಗ್ಗಿಸುವ ಭಾಗ) ಇದೆಯೇ ಎಂಬ ಎರಡು ವಿಷಯಗಳನ್ನು ತಿಳಿದಿರಿ. ಕಿಟ್ಟಿಗೆ ಹೊಂದದ ಕಾಯಿಲ್ ಜೋಡಿಸಿದರೆ ಮಾಡ್ಯೂಲ್ ಸುಟ್ಟುಹೋಗುತ್ತದೆ. ಹಳೆಯ ಪಾಯಿಂಟ್ ಸೆಟ್ಟನ್ನೂ ಕಂಡೆನ್ಸರನ್ನೂ ಒಂದು ಡಬ್ಬಿಯಲ್ಲಿ ಹಾಕಿ ಗಾಡಿಯಲ್ಲೇ ಇಟ್ಟುಕೊಳ್ಳಿ. ರಾತ್ರಿ ಬಂದಡ್ಕದ ಕಾಡುದಾರಿಯಲ್ಲಿ ಮಾಡ್ಯೂಲ್ ಕೈಕೊಟ್ಟರೆ ಮನೆ ಸೇರಿಸುವುದು ಆ ಡಬ್ಬಿಯೇ.

ಹಂತ 5: ಜೆಟ್ಟುಗಳು

ಇಲ್ಲಿಗೆ ಬರುವ ಹೊತ್ತಿಗೆ ಅರ್ಧಕ್ಕರ್ಧ ಗಾಡಿಗಳ ದೂರು ತೀರಿರುತ್ತದೆ. ತೀರದೆ ಉಳಿದವುಗಳಿಗೆ, ಹಾಗೂ ಇ20 ಪೆಟ್ರೋಲಿನಿಂದ ಬಳಲುತ್ತಿರುವವುಗಳಿಗೆ, ಜೆಟ್ ಬದಲಿಸುವ ಕೆಲಸ ಇದೆ. ಪೆಟ್ರೋಲ್ ಹೆಚ್ಚಾದ ಮಿಶ್ರಣವನ್ನು ರಿಚ್ ಎಂದೂ ಕಡಿಮೆಯಾದದ್ದನ್ನು ಲೀನ್ ಎಂದೂ ಮೆಕ್ಯಾನಿಕ್‌ಗಳು ಕರೆಯುತ್ತಾರೆ. ನಾನೂ ಅವೇ ಮಾತುಗಳನ್ನು ಬಳಸುತ್ತೇನೆ.

ಪೂರ್ತಿ ಉರಿಯಲು ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಅದಕ್ಕೆ ಸುಮಾರು 9 ಕಿಲೋ ಗಾಳಿ ಸಾಕು. ಎರಡೂ ಬೆರೆತ ಇ20ಕ್ಕೆ ಈ ಲೆಕ್ಕ ಸುಮಾರು 13.5 ಆಗುತ್ತದೆ. ಕಾರ್ಬುರೇಟರಿಗೆ ಇದನ್ನು ತಿಳಿಯುವ ಸೆನ್ಸರ್ ಇಲ್ಲ. ಅದು ಹಳೆಯ ಅಳತೆಯಲ್ಲೇ ಸುರಿಯುತ್ತದೆ, ಎಂಜಿನ್ ಶೇಕಡಾ 8ರಷ್ಟು ಲೀನ್ ಆಗುತ್ತದೆ. ಮೊದಲೇ ತುಸು ರಿಚ್ ಇದ್ದ ಗಾಡಿಗೆ ಇದು ತಿಳಿಯುವುದೇ ಇಲ್ಲ. ಅಂಚಿನಲ್ಲಿದ್ದ ಗಾಡಿ ಮಾತ್ರ ತಣ್ಣಗಿದ್ದಾಗ ಚೋಕ್ ಬಿಟ್ಟೊಡನೆ ಆರುತ್ತದೆ, ಚಡಾವಿನಲ್ಲಿ ತಡವರಿಸುತ್ತದೆ, ಬಿಸಿ ಏರಿಸಿಕೊಳ್ಳುತ್ತದೆ.

ಜೆಟ್ಟಿನ ಮೂಲಕ ಹರಿಯುವ ಪೆಟ್ರೋಲ್ ಅದರ ತೂತಿನ ವಿಸ್ತೀರ್ಣಕ್ಕೆ ಅನುಗುಣವಾಗಿರುತ್ತದೆ, ಅಂದರೆ ವ್ಯಾಸದ ವರ್ಗಕ್ಕೆ. ಶೇಕಡಾ 8 ಹೆಚ್ಚು ಪೆಟ್ರೋಲ್ ಬೇಕಾದರೆ ವ್ಯಾಸ ಶೇಕಡಾ 4 ಹೆಚ್ಚಿದರೆ ಸಾಕು. ಸೋಲೆಕ್ಸ್ ಜೆಟ್ಟಿನ ಮೇಲಿನ ಅಂಕಿ ಮಿಲಿಮೀಟರಿನ ನೂರನೇ ಭಾಗದಲ್ಲಿ ಕೊಟ್ಟ ವ್ಯಾಸವಾದ್ದರಿಂದ, 120 ಎಂದರೆ 1.20 ಮಿ.ಮೀ. ಅದರ ಬದಲು 125 ಹಾಕಿದರೆ ಲೆಕ್ಕ ಸರಿಯಾಗುತ್ತದೆ. ಕೇಹಿನ್ ಜೆಟ್ಟುಗಳ ಅಂಕಿಯೂ ವ್ಯಾಸವೇ. ಮಿಕುನಿಯ ಆರು ಮೂಲೆ ತಲೆಯ ಮೈನ್ ಜೆಟ್ಟಿನ ಅಂಕಿಯಾದರೋ ಹರಿವಿನ ಪ್ರಮಾಣವನ್ನು ಹೇಳುವುದರಿಂದ, ಅಲ್ಲಿ ಅಂಕಿಯನ್ನೇ ಶೇಕಡಾ 8 ಏರಿಸಬೇಕು. ಒಂದು ಕಂಪನಿಯ 100 ಇನ್ನೊಂದರ 100 ಅಲ್ಲ ಎಂಬುದನ್ನು ಅಂಗಡಿಯವರೂ ಎಷ್ಟೋ ಸಲ ಮರೆಯುತ್ತಾರೆ.

ಅಂಕಿಯನ್ನೂ ಕುರುಡಾಗಿ ನಂಬುವಂತಿಲ್ಲ. ಒಮ್ಮೆ ದೂರದ ಪೇಟೆಯ ಅಂಗಡಿಯೊಂದರಿಂದ 125 ಎಂದು ಅಚ್ಚೊತ್ತಿದ ಎರಡು ಜೆಟ್ ತಂದಿದ್ದೆ. ಮೊದಲನೆಯದು ಹಾಕಿದಾಗ ಪ್ಲಗ್ ಕಪ್ಪಾಯಿತು, ಎರಡನೆಯದು ಹಾಕಿದಾಗ ಬಿಳಿಯಾಯಿತು. 1.25 ಮಿ.ಮೀ. ಡ್ರಿಲ್ ಬಿಟ್ಟಿನ ಹಿಂಬದಿಯ ನುಣುಪು ದಂಡನ್ನು ಮೆಲ್ಲಗೆ ಹಿಡಿದು ನೋಡಿದರೆ ಒಂದರಲ್ಲಿ ಅದು ಸಡಿಲವಾಗಿ ಜಾರಿತು, ಇನ್ನೊಂದರಲ್ಲಿ ತುದಿಯೂ ಹೋಗಲಿಲ್ಲ. ಭೂತಗನ್ನಡಿಯಲ್ಲಿ ನೋಡಿದಾಗ ಎರಡನೆಯದರ ತೂತಿನ ಬಾಯಿಯಲ್ಲಿ ಕೂದಲಿನಷ್ಟು ತೆಳುವಾದ ಹಿತ್ತಾಳೆಯ ಎಸಳು ಎದ್ದು ನಿಂತಿತ್ತು. ಅಂದಿನಿಂದ ಹೊಸ ಜೆಟ್ಟನ್ನು ಅಳೆಯದೆ ನಾನು ಹಾಕಿದ್ದಿಲ್ಲ.

ಬೈಕಿನ ಸ್ಲೈಡ್ ಕಾರ್ಬುರೇಟರಿನಲ್ಲಿ (ಗಾಳಿಯ ದಾರಿಯಲ್ಲಿ ಮೇಲೆ ಕೆಳಗೆ ಜಾರುವ ಸ್ಲೈಡ್ ಇರುವಂಥದ್ದು) ಯಾವ ಭಾಗ ಯಾವಾಗ ಕೆಲಸ ಮಾಡುತ್ತದೆ ಎಂಬುದು ತಿಳಿದಿದ್ದರೆ ದೂರಿನಿಂದಲೇ ಭಾಗವನ್ನು ಹುಡುಕಬಹುದು. ಥ್ರಾಟಲ್ ಮುಚ್ಚಿದಲ್ಲಿಂದ ಎಂಟನೇ ಒಂದು ಭಾಗ ತೆರೆಯುವ ತನಕ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ, ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಕತ್ತರಿಸಿದ ಅಂಚು, ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್ (ಸ್ಲೈಡಿಗೆ ತೂಗುವ ಸೂಜಿ, ಫ್ಲೋಟ್ ನೀಡಲ್ ಅಲ್ಲ), ಮುಕ್ಕಾಲಿನಿಂದ ಪೂರ್ತಿಯವರೆಗೆ ಮೈನ್ ಜೆಟ್ ಮುಖ್ಯವಾಗಿರುತ್ತವೆ. ಅರ್ಧ ಥ್ರಾಟಲಿನಲ್ಲಿ ಚಡಾವು ಹತ್ತುವಾಗ ತಡವರಿಸುವ ಬೈಕಿಗೆ ಮೈನ್ ಜೆಟ್ ಬದಲಿಸಿ ಫಲವಿಲ್ಲ. ನೀಡಲಿನ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಹಾಕಿದರೆ ನೀಡಲ್ ಮೇಲೇರಿ ಮಿಶ್ರಣ ರಿಚ್ ಆಗುತ್ತದೆ, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಮೈನ್ ಜೆಟ್ಟನ್ನು ಪರೀಕ್ಷಿಸಲು ಹೊಸ ಪ್ಲಗ್ ಹಾಕಿ, ವಾಹನ ಓಡಾಟವಿಲ್ಲದ ದಾರಿಯಲ್ಲಿ ಪೂರ್ತಿ ಥ್ರಾಟಲಿನಲ್ಲಿ ಸ್ವಲ್ಪ ದೂರ ಓಡಿಸಿ, ಥ್ರಾಟಲ್ ಇಳಿಸದೆಯೇ ಕ್ಲಚ್ ಹಿಡಿದು ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ಕಾಫಿಪುಡಿಯ ತಿಳಿ ಕಂದು ಬಣ್ಣದಲ್ಲಿದ್ದರೆ ಸರಿ. ಮಸಿ ಹಿಡಿದಿದ್ದರೆ ರಿಚ್, ಬಿಳುಪಾಗಿದ್ದರೆ ಲೀನ್.

ಟೂ ಸ್ಟ್ರೋಕ್ ಗಾಡಿಗಳಲ್ಲಿ ಲೀನ್ ಮಿಶ್ರಣ ಅಪಾಯಕಾರಿ. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸುವ ಗಾಡಿಯಲ್ಲಿ ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅವುಗಳಲ್ಲಿ ಯಾವಾಗಲೂ ದೊಡ್ಡ ಜೆಟ್ಟಿನಿಂದ ಆರಂಭಿಸಿ ಒಂದೊಂದೇ ಹೆಜ್ಜೆ ಕೆಳಗಿಳಿಯಬೇಕು.

ಸುಳ್ಯದ ದಾರಿಯಾಗಿ ಮಡಿಕೇರಿಗೆ ಹೋಗಿಬರುವವರು ಒಂದು ವಿಷಯ ನೆನಪಿಡಬೇಕು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳುವಾಗಿರುವುದರಿಂದ ಇಲ್ಲಿ ಸರಿಮಾಡಿದ ಮಿಶ್ರಣ ಅಲ್ಲಿ ಶೇಕಡಾ 5ರಷ್ಟು ರಿಚ್ ಆಗುತ್ತದೆ. ಅದು ಸಹಜ. ಅಲ್ಲಿ ನಿಂತು ಸ್ಕ್ರೂ ತಿರುಗಿಸಿದರೆ ಘಾಟಿ ಇಳಿದು ಬಂದ ಮೇಲೆ ಗಾಡಿ ಲೀನ್ ಆಗಿರುತ್ತದೆ.

ಹಂತ 6: ಲ್ಯಾಂಬ್ಡಾ ಗೇಜ್

ಪ್ಲಗ್ಗಿನ ಬಣ್ಣ ನೋಡುವ ಕಲೆಗಿಂತ ನಿಖರವಾದದ್ದು ಬೇಕೆನ್ನುವ ಕಾರು, ಜೀಪು ಮಾಲೀಕರಿಗೆ, ಹೊಗೆಯ ಆಮ್ಲಜನಕ ಅಳೆದು ಮಿಶ್ರಣ ತೋರಿಸುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಮತ್ತು ಗೇಜ್ ಒಳ್ಳೆಯ ಹೂಡಿಕೆ. ಎಕ್ಸಾಸ್ಟ್ ಪೈಪಿಗೆ 18 ಮಿ.ಮೀ. ವ್ಯಾಸದ, 1.5 ಮಿ.ಮೀ. ಪಿಚ್ಚಿನ ಮರೆ (ತಿರುಪು) ಇರುವ ನಟ್ಟನ್ನು ವೆಲ್ಡ್ ಮಾಡಿಸಿ ಅದರಲ್ಲಿ ಸೆನ್ಸರ್ ಕೂರಿಸುತ್ತಾರೆ. ಗಡಿಯಾರದ ಮುಖವೆಂದು ಪೈಪನ್ನು ಭಾವಿಸಿಕೊಂಡರೆ 10 ಗಂಟೆಗೂ 2 ಗಂಟೆಗೂ ನಡುವೆ, ಅಂದರೆ ಮೇಲ್ಮುಖವಾಗಿ, ಅದು ಇರಬೇಕು. ಕೆಳಮುಖವಾಗಿ ಹಾಕಿದರೆ ಎಕ್ಸಾಸ್ಟಿನ ನೀರು ನಿಂತು ಬಿಸಿ ಸೆನ್ಸರ್ ಸೀಳುತ್ತದೆ.

ಗೇಜನ್ನು ಗಾಳಿ-ಪೆಟ್ರೋಲಿನ ಅನುಪಾತದಲ್ಲಿ ಓದದೆ ಲ್ಯಾಂಬ್ಡಾದಲ್ಲಿ ಓದಿ. ಇರುವ ಗಾಳಿಯನ್ನು ಪೂರ್ತಿ ಉರಿಯಲು ಬೇಕಾದ ಗಾಳಿಯಿಂದ ಭಾಗಿಸಿದ ಅಂಕಿಯೇ ಲ್ಯಾಂಬ್ಡಾ; 1ಕ್ಕಿಂತ ಕಡಿಮೆಯಾದರೆ ರಿಚ್, ಹೆಚ್ಚಾದರೆ ಲೀನ್. ಪೆಟ್ರೋಲಿನಲ್ಲಿ ಎಥೆನಾಲ್ ಎಷ್ಟೇ ಇರಲಿ ಲ್ಯಾಂಬ್ಡಾ 1.0 ಎಂದರೆ ಪೂರ್ತಿ ಉರಿಯುವ ಮಿಶ್ರಣವೇ. ಸಮತಟ್ಟಿನಲ್ಲಿ ಒಂದೇ ವೇಗದಲ್ಲಿ ಹೋಗುವಾಗ 1.0ರ ಆಸುಪಾಸು, ಪೂರ್ತಿ ಥ್ರಾಟಲಿನಲ್ಲಿ 0.86ರಿಂದ 0.90 ಇದ್ದರೆ ಹಳೆಯ ಕಾರ್ಬುರೇಟರಿಗೆ ಅಷ್ಟು ಸಾಕು. ಟೂ ಸ್ಟ್ರೋಕ್ ಬೈಕುಗಳಿಗೆ ಇದನ್ನು ಹಾಕಬೇಡಿ. ಉರಿಯದ ಮಿಶ್ರಣ ನೇರವಾಗಿ ಹೊರಹೋಗುವುದರಿಂದ ಅಂಕಿ ತಪ್ಪು ತೋರಿಸುತ್ತದೆ, ಎಣ್ಣೆಯಿಂದ ಸೆನ್ಸರೂ ಕೆಡುತ್ತದೆ.

ಹಂತ 7: ಬಿಸಿ, ಏರ್ ಲಾಕ್, ಪಂಪ್

ಏಪ್ರಿಲ್, ಮೇ ತಿಂಗಳಲ್ಲಿ ಕಾಸರಗೋಡು ಪೇಟೆಯ ಬಿಸಿಲಿನಲ್ಲಿ ಹತ್ತು ನಿಮಿಷ ನಿಲ್ಲಿಸಿದ ಕಾರು ಮತ್ತೆ ಸ್ಟಾರ್ಟ್ ಆಗದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಬಿಸಿ. ಆರಿದ ಎಂಜಿನ್ನಿನ ಶಾಖ ಮೇಲೇರಿ ಬೌಲಿನ ಪೆಟ್ರೋಲನ್ನು ಕುದಿಸುತ್ತದೆ, ಪಂಪಿನಲ್ಲಿ ಆವಿ ತುಂಬಿ ಏರ್ ಲಾಕ್ ಆಗುತ್ತದೆ. ಕಾರ್ಬುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ 6ರಿಂದ 12 ಮಿ.ಮೀ. ದಪ್ಪದ ಬೇಕಲೈಟ್ ಸ್ಪೇಸರ್ (ಶಾಖ ತಡೆಯುವ ಗಟ್ಟಿ ಪ್ಲಾಸ್ಟಿಕ್ಕಿನ ಹಲಗೆ) ಹಾಕುವುದು ಕಡಿಮೆ ಖರ್ಚಿನ ಪರಿಹಾರ. ಎರಡೂ ಬದಿಗೆ ಹೊಸ ಗ್ಯಾಸ್ಕೆಟ್ ಬೇಕು, ಸ್ಟಡ್ ಸಾಕಷ್ಟು ಉದ್ದವಿರಬೇಕು, ಬಾನೆಟ್ ಮುಚ್ಚಿದಾಗ ಏರ್ ಕ್ಲೀನರ್ ತಾಗಬಾರದು, ಆಕ್ಸಿಲರೇಟರ್ ಲಿಂಕೇಜ್ ಪೂರ್ತಿ ತೆರೆದು ಪೂರ್ತಿ ಮುಚ್ಚಬೇಕು. ಪೆಟ್ರೋಲ್ ಪೈಪ್ ಎಕ್ಸಾಸ್ಟಿನ ಹತ್ತಿರ ಹಾದುಹೋಗುತ್ತಿದ್ದರೆ ಅದನ್ನು ದೂರ ಸರಿಸಿ.

ಇಷ್ಟಕ್ಕೂ ಸರಿಯಾಗದಿದ್ದರೆ ಮಾತ್ರ ಎಲೆಕ್ಟ್ರಿಕ್ ಪಂಪ್. ಇಲ್ಲಿ ನಡೆಯುವ ದೊಡ್ಡ ತಪ್ಪೆಂದರೆ ಇಂಜೆಕ್ಷನ್ ಕಾರಿನ (ಕಾರ್ಬುರೇಟರ್ ಇಲ್ಲದೆ ಒತ್ತಡದಿಂದ ಪೆಟ್ರೋಲ್ ಚಿಮ್ಮಿಸುವ ಕಾರು) ಪಂಪನ್ನು ತಂದು ಹಾಕುವುದು. ಅದರ ಒತ್ತಡ (ಚದರ ಇಂಚಿಗೆ ಪೌಂಡ್ ಲೆಕ್ಕದಲ್ಲಿ) 40 ಪಿಎಸ್‌ಐ ಅಥವಾ ಅದಕ್ಕೂ ಹೆಚ್ಚು. ಕಾರ್ಬುರೇಟರಿನ ಫ್ಲೋಟ್ ನೀಡಲ್ ತಾಳುವುದು ಸುಮಾರು 2ರಿಂದ 4 ಪಿಎಸ್‌ಐ. ಹೆಚ್ಚಾದರೆ ನೀಡಲನ್ನು ತಳ್ಳಿಕೊಂಡು ಪೆಟ್ರೋಲ್ ಬಿಸಿ ಎಂಜಿನ್ನಿನ ಮೇಲೆ ಸುರಿಯುತ್ತದೆ. ಕಡಿಮೆ ಒತ್ತಡದ ಪಂಪ್, ಅದರ ಮುಂದೆ ರೆಗ್ಯುಲೇಟರ್, ತಂತಿಯಲ್ಲಿ ಫ್ಯೂಸ್, ಮತ್ತು ಎಂಜಿನ್ ಆರಿದೊಡನೆ ಪಂಪನ್ನು ನಿಲ್ಲಿಸುವ ಆಯಿಲ್ ಪ್ರೆಷರ್ ಸ್ವಿಚ್ ಅಥವಾ ಅಪಘಾತದಲ್ಲಿ ಕಡಿಯುವ ಇನರ್ಷಿಯಾ ಸ್ವಿಚ್, ಇವಿಷ್ಟೂ ಇಲ್ಲದೆ ಎಲೆಕ್ಟ್ರಿಕ್ ಪಂಪ್ ಹಾಕಬಾರದು. ಗಾಡಿ ಮಗುಚಿದಾಗಲೂ ಪೆಟ್ರೋಲ್ ಹರಿಸುತ್ತಲೇ ಇರುವ ಪಂಪ್ ಏನು ಮಾಡಬಲ್ಲದೆಂದು ವಿವರಿಸಬೇಕಾಗಿಲ್ಲ.

ಏರ್ ಫಿಲ್ಟರ್ ಮತ್ತು ದೊಡ್ಡ ಕಾರ್ಬುರೇಟರ್

ಶಂಕುವಿನಾಕಾರದ ತೆರೆದ ಫಿಲ್ಟರ್ ನೋಡಲು ಅಂದವಾಗಿದ್ದರೂ ನಮ್ಮ ದಾರಿಗಳಿಗೆ ಅದು ಹೇಳಿದ್ದಲ್ಲ. ಬೇಸಿಗೆಯಲ್ಲಿ ಮುರಕಲ್ಲಿನ ಕೆಂಪು ಧೂಳು ಹಿಟ್ಟಿನಷ್ಟು ನುಣುಪಾಗಿ ಏಳುತ್ತದೆ. ಅದು ಒಳಹೊಕ್ಕರೆ ಸ್ಲೈಡನ್ನೂ ರಿಂಗನ್ನೂ ತೇಯುತ್ತದೆ. ಮಳೆಗಾಲದಲ್ಲಿ ಅದೇ ಫಿಲ್ಟರ್ ನೀರು ಹೀರುತ್ತದೆ. ಜೊತೆಗೆ, ಮೂಲ ಏರ್ ಬಾಕ್ಸಿನ ತಡೆಯನ್ನು ಲೆಕ್ಕಕ್ಕಿಟ್ಟೇ ಜೆಟ್ ಆರಿಸಿರುವುದರಿಂದ ಬಾಕ್ಸ್ ತೆಗೆದೊಡನೆ ಮಿಶ್ರಣ ಲೀನ್ ಆಗುತ್ತದೆ. ಮೂಲ ಬಾಕ್ಸಿನಲ್ಲೇ ಹೊಸ ಕಾಗದದ ಫಿಲ್ಟರ್ ಹಾಕುವುದು, ಬೈಕಾದರೆ ಎಣ್ಣೆ ಸವರಿದ ಫೋಮ್ ಹಾಕುವುದು ಮೇಲು. ಹಳೆಯ ಜೀಪಿನ ಎಣ್ಣೆ ಬಟ್ಟಲಿನ ಏರ್ ಕ್ಲೀನರನ್ನು ಎಸೆಯಬೇಡಿ. ಕಾಲಕಾಲಕ್ಕೆ ಅದರ ಎಣ್ಣೆ ಬದಲಿಸಿದರೆ ಸಾಕು.

ದೊಡ್ಡ ಕಾರ್ಬುರೇಟರ್ ಹಾಕಿದರೆ ಪಿಕಪ್ ಹೆಚ್ಚುತ್ತದೆ ಎಂಬ ನಂಬಿಕೆಯನ್ನು ಒಂದು ಲೆಕ್ಕದಿಂದ ಪರೀಕ್ಷಿಸಬಹುದು. ವೆಂಚುರಿಯ (ಕಾರ್ಬುರೇಟರಿನೊಳಗೆ ಗಾಳಿ ಹಾಯುವ ಇಕ್ಕಟ್ಟಾದ ದಾರಿ) ವ್ಯಾಸ 24 ಮಿ.ಮೀ. ಇದ್ದದ್ದು 28 ಮಿ.ಮೀ. ಆದರೆ, ಅದೇ ಗಾಳಿಗೆ ವಿಸ್ತೀರ್ಣ ಹೆಚ್ಚಿ ವೇಗ ಇಳಿಯುತ್ತದೆ. ಪೆಟ್ರೋಲನ್ನು ಮೇಲೆಳೆಯುವ ಸೆಳೆತ ಗಾಳಿಯ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ, ಅದು ಮೊದಲಿದ್ದುದರ ಶೇಕಡಾ 54ಕ್ಕೆ ಕುಸಿಯುತ್ತದೆ. ಅತಿ ವೇಗದ ಓಟದಲ್ಲಿ ಇದು ಲಾಭವಾದೀತು, ಆದರೆ ಎರಡನೇ ಗೇರಿನಲ್ಲಿ ಅಡಿಕೆ ಮೂಟೆ ಹೇರಿಕೊಂಡು ತೋಟದಿಂದ ರಸ್ತೆಗೆ ಹತ್ತುವ ಗಾಡಿಗೆ ಬೇಕಾದದ್ದು ಇದರ ವಿರುದ್ಧ. ಆದ್ದರಿಂದ ನಮ್ಮ ಕಡೆ ಬಳಸುವ ಗಾಡಿಗೆ ನಾನು ಇದನ್ನು ಸೂಚಿಸುವುದಿಲ್ಲ.

ಕೊಳ್ಳಬಾರದ ವಸ್ತುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಪೆಟ್ರೋಲ್ ಪೈಪಿನ ಅಯಸ್ಕಾಂತ, ಗಾಳಿ ಸುತ್ತಿಸುವ ರೆಕ್ಕೆ, ಟ್ಯಾಂಕಿಗೆ ಹಾಕುವ ಮೈಲೇಜ್ ಗುಳಿಗೆ ಇವೆಲ್ಲ ಇದೇ ಗುಂಪಿನವು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುವುದಾಗಿ ಹೇಳಿಕೊಳ್ಳುವ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಬಹುತೇಕ ಯಾವುದರಲ್ಲೂ ಹೇಳಿಕೊಳ್ಳುವಂಥ ಉಳಿತಾಯ ಕಂಡುಬಂದಿಲ್ಲ.

ಕಾನೂನು ಮತ್ತು ಹೊಗೆ ತಪಾಸಣೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಗಳಿಂದ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದಿಂದಲೇ ಬಂದ ಪ್ರಕರಣದಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಬಳಿಕ 182ಎ ಸೆಕ್ಷನ್ನಿನಡಿ ಪ್ರತಿಯೊಂದು ಅನಧಿಕೃತ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಪೈಪ್, ಫಿಲ್ಟರ್, ಅದೇ ಮಾದರಿಯ ಜೆಟ್ ಬದಲಿಸುವುದು ದುರಸ್ತಿಯ ಕೆಲಸ. ಬೇರೆ ಕಾರ್ಬುರೇಟರ್, ಬೇರೆ ಸೈಲೆನ್ಸರ್ ಹಾಕುವವರು ಮೊದಲು ಆರ್‌ಟಿಒ ಕಚೇರಿಯಲ್ಲಿ ಬರಹದಲ್ಲಿ ಕೇಳಿ ಮುಂದುವರಿಯಬೇಕು.

ಹೊಗೆ ತಪಾಸಣೆಯ ಚೀಟಿಯನ್ನು ಟ್ಯೂನಿಂಗಿಗೂ ಬಳಸಿಕೊಳ್ಳಿ. ಬಿಎಸ್ 2ಕ್ಕಿಂತ (ಭಾರತ್ ಸ್ಟೇಜ್ ಹೊಗೆ ನಿಯಮದ ಎರಡನೇ ಹಂತ) ಹಿಂದಿನ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇಕಡಾ 3, ಹೈಡ್ರೋಕಾರ್ಬನ್ (ಉರಿಯದೆ ಉಳಿದ ಪೆಟ್ರೋಲ್) 1,500 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 1,500 ಭಾಗ. 2000ದ ಮಾರ್ಚ್ 31ರ ತನಕ ತಯಾರಾದ ಬೈಕು, ಸ್ಕೂಟರುಗಳಿಗೆ ಶೇಕಡಾ 4.5 ಮತ್ತು 9,000 ಪಿಪಿಎಂ. ಮೊನಾಕ್ಸೈಡ್ ಹೆಚ್ಚಿದ್ದರೆ ಮಿಶ್ರಣ ರಿಚ್ ಇದೆ. ಮೊನಾಕ್ಸೈಡ್ ಕಡಿಮೆಯಿದ್ದು ಹೈಡ್ರೋಕಾರ್ಬನ್ ಮಾತ್ರ ಹೆಚ್ಚಿದ್ದರೆ ಎಲ್ಲೋ ಮಿಸ್ಸಿಂಗ್ ಇದೆ, ಹಂತ 3 ಮತ್ತು 4ಕ್ಕೆ ಹಿಂತಿರುಗಿ.

ಮಳೆಗಾಲಕ್ಕೆ ಮುಂಚೆ

ಮೇ ತಿಂಗಳ ಕೊನೆಯಲ್ಲಿ, ಮೊದಲ ಮಳೆ ಬೀಳುವ ಮೊದಲು, ನಾನು ಪದ್ಮಿನಿಯ ಟ್ಯಾಂಕನ್ನು ಕಂಠಮಟ್ಟ ತುಂಬಿಸುತ್ತೇನೆ. ಗಾಳಿಗೆ ಜಾಗವಿಲ್ಲದಿದ್ದರೆ ನೀರಿಗೂ ಜಾಗವಿರುವುದಿಲ್ಲ. ವಾರಕ್ಕೊಮ್ಮೆಯಾದರೂ ಗಾಡಿಯನ್ನು ಪೂರ್ತಿ ಬಿಸಿಯಾಗುವ ತನಕ ಓಡಿಸಬೇಕು. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವ ಬೈಕಾದರೆ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕನ್ನು ಮುಚ್ಚಿ, ಫ್ಲೋಟ್ ಬೌಲಿನ ಕೆಳಗಿನ ಸ್ಕ್ರೂ ಸಡಿಲಿಸಿ, ಒಳಗಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ, ತಳದಲ್ಲಿ ಪದರ ಕಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಆ ದಿನದ ತಾರೀಕಿನೊಂದಿಗೆ ಪುಸ್ತಕದಲ್ಲಿ ಬರೆದಿಡಿ.